ಡಿಆರ್‌ಎಂ ಹಾಕಿದರೆ ತೊಂದರೆ ದುಡ್ಡು ಕೊಟ್ಟವರಿಗೇ

ಪ್ರಕಾಶನ ಸಂಸ್ಥೆಯಲ್ಲಿ ಇ-ಪುಸ್ತಕ ಸಿದ್ಧಪಡಿಸುವುದು ನನ್ನ ಕೆಲಸ. ಹೊಸ ಪುಸ್ತಕ ಮಾರಾಟಕ್ಕೆ ಹೋಗುವ ಮುನ್ನ, ಡಿಆರ್‌ಎಂ, ಅಂದರೆ ಕೊಂಡವರಲ್ಲದೆ ಬೇರೆಯವರು ನಕಲು ಮಾಡಿ ಓದದಂತೆ ತಡೆಯುವ ಡಿಜಿಟಲ್ ಬೀಗ, ಹಾಕಬೇಕೋ ಬೇಡವೋ ಎಂಬ ಚರ್ಚೆ ಎದ್ದೇ ಏಳುತ್ತದೆ. ವರ್ಷಗಟ್ಟಲೆ ಬರೆದದ್ದು ಬೆಳಗಾಗುವಷ್ಟರಲ್ಲಿ ಊರೆಲ್ಲ ಹರಿದಾಡೀತು ಎಂಬ ಲೇಖಕರ ಆತಂಕ ನ್ಯಾಯವಾದದ್ದೇ. ಆದರೂ ನಾನು ಬೇಡ ಎನ್ನುವ ಪಕ್ಷ.

ಇ-ಪುಸ್ತಕಗಳ ಸಾಮಾನ್ಯ ಫಾರ್ಮ್ಯಾಟಾದ ಇಪಬ್ ಎಂದರೆ ಮೂಲದಲ್ಲಿ ಒಂದು ಜಿಪ್ ಫೈಲು, ಹಲವು ಫೈಲುಗಳನ್ನು ಒಟ್ಟುಗೂಡಿಸಿದ ಗಂಟು. ಬಿಚ್ಚಿದರೆ ಅಧ್ಯಾಯಗಳ ಎಕ್ಸ್‌ಎಚ್‌ಟಿಎಂಎಲ್ (ವೆಬ್‌ಪುಟದಂಥ) ಪುಟಗಳು, ಚಿತ್ರ, ಫಾಂಟು ಕಾಣುತ್ತವೆ. ಡಿಆರ್‌ಎಂ ಇರುವ ಪ್ರತಿಯಲ್ಲೂ ಫೈಲುಗಳ ಹೆಸರು ಹಾಗೇ ಇರುತ್ತವೆ. ಅಧ್ಯಾಯ ತೆರೆದರೆ ಮಾತ್ರ ತಲೆಬುಡವಿಲ್ಲದ ಚಿಹ್ನೆಗಳ ರಾಶಿ. ಅದನ್ನು ಓದುವಂತೆ ಮಾಡುವ ಕೀ ಓದುಗರ ಖಾತೆಗೋ ಸಾಧನಕ್ಕೋ ಅಂಟಿಕೊಂಡಿರುತ್ತದೆ. ಓದಬೇಕೆಂದರೆ ಆ ಕೀ ಹೇಗಿದ್ದರೂ ಓದುಗರ ಸಾಧನಕ್ಕೆ ಬರಲೇಬೇಕು. ಕದಿಯಲು ಹೊರಟವನು ಅಲ್ಲೇ ಕೈಹಾಕುತ್ತಾನೆ. ಅವನೊಬ್ಬ ಬಿಡಿಸಿದರೆ ಸಾಕು, ಉಳಿದ ಕಳ್ಳಪ್ರತಿಗಳಿಗೆ ಯಾವ ಅಡ್ಡಿಯೂ ಇಲ್ಲ. ಕಟ್ಟುಪಾಡೆಲ್ಲ ಉಳಿಯುವುದು ದುಡ್ಡು ಕೊಟ್ಟವರ ಪ್ರತಿಯಲ್ಲಿ.

ಆ ಕೀ ಕೊಡುವ ಅಂಗಡಿಯೇ ಮುಚ್ಚಿದರೆ? 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಮಾರಾಟ ನಿಲ್ಲಿಸಿದಾಗ, ಕೊಂಡವರ ಪುಸ್ತಕಗಳೂ ಕಣ್ಮರೆಯಾದವು. ಹಣವನ್ನೇನೋ ವಾಪಸ್ ಕೊಟ್ಟರು. ಪುಟಗಳಲ್ಲಿ ಟಿಪ್ಪಣಿ ಮಾಡಿಕೊಂಡಿದ್ದವರಿಗೆ ಮೇಲೆ 25 ಡಾಲರ್ ಕ್ರೆಡಿಟ್ಟನ್ನೂ ಕೊಟ್ಟರು. ಒಬ್ಬ ವಿದ್ಯಾರ್ಥಿ ಪಠ್ಯದ ಅಂಚಿನಲ್ಲಿ ಬರೆದಿಟ್ಟ ಯೋಚನೆಗೆ ಯಾರು ಬೆಲೆ ಕಟ್ಟಬೇಕು? ಇದನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಡಿಆರ್‌ಎಂನಿಂದ ಪುಸ್ತಕ ಒಂದೇ ಕಂಪನಿಯ ಫಾರ್ಮ್ಯಾಟಿಗೆ ಕಟ್ಟುಬಿದ್ದರೆ ಪ್ರಕಾಶಕರಿಗೂ ನಷ್ಟವಿದೆ. ಓದುಗರ ಸಂಗ್ರಹವೆಲ್ಲ ಒಂದೇ ಅಂಗಡಿಯಲ್ಲಿ ಸಿಕ್ಕಿಕೊಂಡ ಮೇಲೆ ಅವರು ಬೇರೆ ಕಡೆ ಕೊಳ್ಳುವುದು ಕಷ್ಟ. ಆಗ ಕಮಿಷನ್ ಎಷ್ಟೆಂದು ಹೇಳುವವರು ಆ ಅಂಗಡಿಯವರೇ. ಪುಸ್ತಕ ನಮ್ಮದು, ಹಿಡಿತ ಅವರದು.

ಅಮೆರಿಕದ ಟಾರ್ ಪ್ರಕಾಶನ 2012ರಲ್ಲಿ ಡಿಆರ್‌ಎಂ ಕೈಬಿಟ್ಟಿತು. ಮರುವರ್ಷ ಅದರ ಬ್ರಿಟನ್ ಶಾಖೆ, ಪೈರಸಿ ಗಮನಿಸುವಷ್ಟೇನೂ ಹೆಚ್ಚಾಗಿಲ್ಲ ಎಂದಿತು. ಅವರ ಓದುಗರು ವೈಜ್ಞಾನಿಕ ಕಥೆಗಳ ಅಭಿಮಾನಿಗಳು, ಎಲ್ಲರಿಗೂ ಅದೇ ಫಲ ಸಿಗುತ್ತದೆ ಎನ್ನಲಾರೆ. ಅದಕ್ಕೇ ಹಿಂಜರಿಯುವ ಲೇಖಕರಿಗೆ ನಾನು ವಾಟರ್‌ಮಾರ್ಕ್ ಸೂಚಿಸುತ್ತೇನೆ: ಪ್ರತಿಯೊಳಗೆ ಕೊಂಡವರ ಆರ್ಡರ್ ಸಂಖ್ಯೆ ಸೇರಿಸುವುದು. ಫೈಲು ಯಾವ ಸಾಧನದಲ್ಲಾದರೂ ತೆರೆಯುತ್ತದೆ, ಸೋರಿದರೆ ಎಲ್ಲಿಂದ ಎಂಬ ಸುಳಿವೂ ಸಿಗುತ್ತದೆ. ಇಷ್ಟು ಹೇಳಿ, ಡಿಆರ್‌ಎಂ ಇರುವ ಪ್ರತಿ, ವಾಟರ್‌ಮಾರ್ಕ್ ಇರುವ ಪ್ರತಿ ಎರಡನ್ನೂ ಅವರ ಮೊಬೈಲಿಗೇ ಕಳಿಸಿ, ಬೇರೆ ಆ್ಯಪಿನಲ್ಲಿ ತೆರೆದು ನೋಡಿ ಎನ್ನುತ್ತೇನೆ. ಅಪ್‌ಲೋಡ್ ಮಾಡುವುದು ಆಮೇಲೆ.