ಪಿಟ್ಟಿಗೆ ನುಗ್ಗುವ ನೀರು: ಮಲೆನಾಡಿನಲ್ಲಿ ಬಸ್ ಡಿಪೋ ಕಟ್ಟುವಾಗ

ಚಿಕ್ಕಮಗಳೂರಿನಂಥ ಊರಲ್ಲಿ ಡಿಪೋ ಜಾಗ ನೋಡಲು ಹೋದವರು ಮೊದಲು ಎಣಿಸುವುದು ಎಷ್ಟು ಬಸ್ಸು ನಿಲ್ಲುತ್ತವೆ ಅಂತ. ನೀರಿನ ಲೆಕ್ಕ ನೆನಪಾಗುವುದು ಆಷಾಢದಲ್ಲಿ, ಪಿಟ್ಟು (ಮೆಕ್ಯಾನಿಕ್ ಇಳಿದು ಬಸ್ಸಿನ ಅಡಿಭಾಗ ನೋಡುವ ಗುಂಡಿ) ತುಂಬಿದ ಮೇಲೆ. ಒಂದು ಎಕರೆ ಕಾಂಕ್ರೀಟ್ ಅಂಗಳದ ಮೇಲೆ 50 ಮಿ.ಮೀ. ಮಳೆ ಸುರಿದರೆ ಎರಡು ಲಕ್ಷ ಲೀಟರ್ ನೀರು. ಅಷ್ಟೂ ತಗ್ಗು ಹುಡುಕಿಕೊಂಡು ಹರಿಯುತ್ತದೆ, ಡಿಪೋದಲ್ಲಿ ಪಿಟ್ಟಿಗಿಂತ ತಗ್ಗು ಬೇರೆ ಇಲ್ಲ.

12 ಮೀಟರ್ ಬಸ್ಸಿಗೆ ಪಿಟ್ಟು 14 ಮೀಟರ್ ಉದ್ದ, 90 ಸೆಂ.ಮೀ. ಅಗಲ, ಸುಮಾರು 1.4 ಮೀಟರ್ ಆಳ ಇರಲಿ. ಎರಡೂ ತುದಿಗೆ ಮೆಟ್ಟಿಲು ಬೇಕೇ ಬೇಕು. ಒಂದೇ ಕಡೆ ಇದ್ದು ಅಲ್ಲಿ ಬೆಂಕಿ ಹೊತ್ತಿದರೆ ಒಳಗಿರುವ ಮೆಕ್ಯಾನಿಕ್‌ಗೆ ದಾರಿಯಿಲ್ಲ. ಅಂಚಿಗೆ 5–7 ಸೆಂ.ಮೀ. ಎತ್ತರದ ಕಟ್ಟೆ ಕಟ್ಟಿದರೆ ಚಕ್ರವೂ ಜಾರದು, ಮೇಲಿನ ನೀರೂ ಇಳಿಯದು. ದೀಪ 24 ವೋಲ್ಟಿನದೇ ಆಗಬೇಕು. ಒದ್ದೆ ನೆಲದಲ್ಲಿ ನಿಂತು 230 ವೋಲ್ಟಿನ ಹ್ಯಾಂಡ್ ಲ್ಯಾಂಪ್ ಹಿಡಿಯುವ ಕೆಲಸ ಯಾರಿಗೂ ಬೇಡ.

ಆದರೆ ಮೇಲಿನ ನೀರಿಗಿಂತ ಕೆಳಗಿನ ನೀರು ಕೆಟ್ಟದ್ದು. ಮಳೆಗಾಲದಲ್ಲಿ ಅಂತರ್ಜಲ ಪಿಟ್ಟಿನ ತಳಕ್ಕಿಂತ ಒಂದು ಮೀಟರ್ ಮೇಲೇರಿದರೆ ಪ್ರತಿ ಚದರ ಮೀಟರಿಗೆ ಒಂದು ಟನ್ ಭಾರ ಕೆಳಗಿನಿಂದ ಒತ್ತುತ್ತದೆ. 15 ಸೆಂ.ಮೀ. ದಪ್ಪದ ಕಾಂಕ್ರೀಟಿನ ತೂಕ ಅಷ್ಟೇ ಜಾಗಕ್ಕೆ 375 ಕಿಲೋ ಮಾತ್ರ. ಕಬ್ಬಿಣವಿಲ್ಲದ ತಳ ಬಿರಿಯದೆ ಇನ್ನೇನು? ಇಟ್ಟಿಗೆ ಗೋಡೆಗೆ ಪ್ಲಾಸ್ಟರ್ ಮೆತ್ತಿ ಉಳಿಸಿದ ದುಡ್ಡು ಎರಡನೇ ಮಳೆಗಾಲಕ್ಕೆ ಪಂಪಿಗೆ ಹೋಗುತ್ತದೆ. ತಳ, ಗೋಡೆ ಸೇರಿ ಒಂದೇ ಆರ್‌ಸಿಸಿ (ಕಬ್ಬಿಣ ಹಾಕಿದ ಕಾಂಕ್ರೀಟ್) ಪೆಟ್ಟಿಗೆಯಾಗಲಿ. ಸುತ್ತ ಜಲ್ಲಿ ತುಂಬಿ, ತಳಕ್ಕಿಂತ ಕೆಳಗೆ ತೂತಿನ ಪೈಪ್ ಹಾಯಿಸಿ. ಚಿಕ್ಕಮಗಳೂರಿನ ಇಳಿಜಾರಲ್ಲಿ ಆ ಪೈಪಿನ ಬಾಯನ್ನು ತಗ್ಗಿಗೆ ಬಿಡಬಹುದು. ಹಾಸನದ ಸಮತಟ್ಟು ಜಾಗವಾದರೆ ಸಂಪು, ಪಂಪು, ಜೊತೆಗೆ ಕರೆಂಟಿಲ್ಲದೆ ಓಡುವ ಬದಲಿ ಪಂಪೂ ಬೇಕು, ಯಾಕೆಂದರೆ ಕರೆಂಟು ಹೋಗುವುದೂ ಮಳೆ ಬರುವಾಗಲೇ.

ಅಂಗಳಕ್ಕೆ 100ಕ್ಕೆ 1ರ ಇಳಿಜಾರು ಸಾಕು. ರೈಲಿನವರಿಗೆ ಈ ಅನುಕೂಲವಿಲ್ಲ. ಸಕಲೇಶಪುರದ ಘಾಟಿಯಲ್ಲಿ 50ಕ್ಕೆ 1 ಏರುವ ಹಳಿ ಸ್ಟೇಷನ್ ಯಾರ್ಡಿನಲ್ಲಿ ಸಾಮಾನ್ಯವಾಗಿ 400ಕ್ಕೆ 1 ಮೀರುವಂತಿಲ್ಲ, ಮೀರಿದರೆ ಬಿಟ್ಟ ಬೋಗಿ ತಾನೇ ಉರುಳೀತು. ಹಾಗಾಗಿ ಅವರು ಹಳಿಗಳ ನಡುವೆ ಚರಂಡಿ ತೆಗೆಯುತ್ತಾರೆ. ಬಸ್ಸುಗಳನ್ನೂ ಉರುಳದಂತೆ ಇಳಿಜಾರಿಗೆ ಅಡ್ಡಲಾಗಿಯೇ ನಿಲ್ಲಿಸಿ.

ತೊಳೆಯುವ ರ‍್ಯಾಂಪಿನ ನೀರು ಮೂರು ಕೋಣೆಯ ಆಯಿಲ್ ಟ್ರ್ಯಾಪಿಗೆ ಹೋಗಲಿ. ಎಣ್ಣೆ ಮೇಲೆ ತೇಲುತ್ತದೆ, ಮುಂದಿನ ಕೋಣೆಗೆ ನೀರು ಬುಡದಿಂದ ದಾಟಬೇಕು. ಇದನ್ನು ಕೆಡಿಸುವವು ಎರಡು. ಸೋಪಿನ ಪುಡಿ ಹೆಚ್ಚಾದರೆ ಎಣ್ಣೆ ನೀರಲ್ಲೇ ಕಲಸಿಹೋಗಿ ಬೇರ್ಪಡದು. ಶೆಡ್ಡಿನ ಚಾವಣಿ ನೀರನ್ನು ಅದೇ ಮೋರಿಗೆ ಸೇರಿಸಿದರಂತೂ ಒಂದು ಜೋರು ಮಳೆಗೆ ಕೂಡಿಟ್ಟ ಎಣ್ಣೆಯೆಲ್ಲ ಪಕ್ಕದ ತೋಟಕ್ಕೆ. 600 ಚದರ ಮೀಟರ್ ಚಾವಣಿಯಿಂದ 50 ಮಿ.ಮೀ. ಮಳೆಗೆ 30,000 ಲೀಟರ್ ಬರುತ್ತದೆ. ಅದನ್ನು ಬೇರೆ ಪೈಪಲ್ಲಿ ತೊಟ್ಟಿಗೆ ಹಿಡಿದರೆ ಬಸ್ ತೊಳೆಯಲು ಅದೇ ಆಯಿತು.

ರ‍್ಯಾಂಪಿಗೆ ಮುಂಚೆ ನಾಲ್ಕೈದು ಬಸ್ಸು ನಿಲ್ಲುವಷ್ಟು ಜಾಗ ಬಿಡಿ. ಚಾರ್ಮಾಡಿಯನ್ನೋ ಶಿರಾಡಿಯನ್ನೋ ಇಳಿದು ಹತ್ತಿ, ಹಾದಿಯುದ್ದಕ್ಕೂ ಬ್ರೇಕ್ ಹಿಡಿದು ಬಂದ ಬಸ್ಸಿನ ಬ್ರೇಕ್ ಡ್ರಮ್ ಕೈ ಇಡಲಾಗದಷ್ಟು ಕಾದಿರಬಹುದು. ಅದಕ್ಕೆ ತಣ್ಣೀರು ಹೊಡೆದರೆ ಎರಕದ ಕಬ್ಬಿಣದಲ್ಲಿ ಕೂದಲೆಳೆ ಬಿರುಕು ಬೀಳಬಹುದು, ಬ್ರೇಕ್ ಲೈನಿಂಗ್ ಬದಲಿಸುವವರೆಗೂ ಕಣ್ಣಿಗೆ ಬೀಳದು. ಆರುವ ಹೊತ್ತಿನಲ್ಲಿ ಬ್ರೇಕಿಗೆ ಗಾಳಿ ಕೊಡುವ ಏರ್ ಟ್ಯಾಂಕಿನಲ್ಲಿ ಕೂಡಿದ ನೀರು ಬಿಡುವ ಕೆಲಸ ಮುಗಿಸಬಹುದು. ಮಳೆಗಾಲದಲ್ಲಿ ಅದು ದಿನವೂ ಆಗಬೇಕು.

ಬಿಎಸ್ 6 (ಹೊಸ ಹೊಗೆ ನಿಯಮದ) ಬಸ್ಸುಗಳಲ್ಲಿ ಹೊಗೆ ಶುದ್ಧಿಗೆ ಬಳಸುವ ಡಿಇಎಫ್ ದ್ರವಕ್ಕೆ ಡೀಸೆಲ್ ಪಂಪಿನಿಂದ ದೂರ, ನೆರಳಿನ ಪುಟ್ಟ ಕೋಣೆ ಸಾಕು. 32.5 ಶೇಕಡ ಯೂರಿಯಾ ಅದು, ತಾಮ್ರ ಮತ್ತು ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪನ್ನು ತಿನ್ನುತ್ತದೆ. ಪ್ಲಾಸ್ಟಿಕ್ ಅಥವಾ ಸ್ಟೇನ್‌ಲೆಸ್ ಸ್ಟೀಲೇ ಆಗಬೇಕು. ಡೀಸೆಲ್ ಸುರಿದ ಆಲಿಕೆ ಆ ಕೋಣೆಯೊಳಗೆ ಕಾಲಿಡಬಾರದು.

ಅಗೆತ ಡಿಸೆಂಬರಿನಲ್ಲಿ ಶುರುವಾದರೆ ಮೇ ಒಳಗೆ ಪಿಟ್ಟು ಮುಗಿದೀತು. ಅಂಗಳದ ಕೊನೆಯ ಪದರವನ್ನು ಮಾತ್ರ ಒಂದು ಮಳೆಗಾಲ ಕಳೆಯುವವರೆಗೆ ಹಾಕಬೇಡಿ. ಕೊಡೆ ಹಿಡಿದು ನಿಂತು, ನೀರು ಎಲ್ಲೆಲ್ಲಿ ತಂಗಿತೋ ಅಲ್ಲೆಲ್ಲ ಬಣ್ಣದ ಗುರುತು ಹಾಕಿಟ್ಟುಕೊಳ್ಳಿ.