ಗಾರ್ಡ್, ರಿಸರ್ವ್‌ನವರ ಕಾಲೇಜು ಫೀಸು: ಯಾವ ದುಡ್ಡು ಮೊದಲು, ಯಾವುದು ಆಮೇಲೆ

ಅಮೆರಿಕದ ಕಾಲೇಜುಗಳಲ್ಲಿ ಸ್ಕೂಲ್ ಸರ್ಟಿಫೈಯಿಂಗ್ ಅಫಿಷಿಯಲ್ ಅಂತ ಒಂದು ಹುದ್ದೆ ಇರುತ್ತದೆ. ಸೇನೆಯ ಶಿಕ್ಷಣ ಸೌಲಭ್ಯ ಪಡೆಯುವ ವಿದ್ಯಾರ್ಥಿ ಎಷ್ಟು ಕ್ರೆಡಿಟ್ ತೆಗೆದುಕೊಂಡಿದ್ದಾರೆ, ಫೀಸು ಎಷ್ಟು, ಯಾವ ತಾರೀಖು ಕ್ಲಾಸ್ ಬಿಟ್ಟರು ಎಂಬುದನ್ನೆಲ್ಲ ವೆಟರನ್ಸ್ ಇಲಾಖೆಗೆ, ಎಲ್ಲರೂ ಕರೆಯುವಂತೆ ವಿಎಗೆ, ತಿಳಿಸುವುದು ಈ ಮೇಜಿನ, ಅಂದರೆ ನಮ್ಮಂಥವರ ಕೆಲಸ. ನಾಲ್ಕು ವರ್ಷ ಪೂರ್ಣಾವಧಿ ಸೇವೆ ಮುಗಿಸಿ ಬಂದವರ ಫೈಲು ಬೇಗ ಮುಗಿಯುತ್ತದೆ. ತಲೆ ತಿನ್ನುವುದು ಅರೆಕಾಲಿಕ ಸೈನಿಕರಾದ ನ್ಯಾಷನಲ್ ಗಾರ್ಡ್ ಮತ್ತು ರಿಸರ್ವ್‌ನವರ ಫೈಲು. ತಿಂಗಳಿಗೊಂದು ವಾರಾಂತ್ಯ ಡ್ರಿಲ್, ವರ್ಷಕ್ಕೆರಡು ವಾರ ತರಬೇತಿ, ನಡುವೆ ಯಾವಾಗಲೋ ಒಂದು ಡಿಪ್ಲಾಯ್‌ಮೆಂಟ್, ಅಂದರೆ ಪೂರ್ಣಾವಧಿ ಕರ್ತವ್ಯಕ್ಕೆ ಬೇರೆಡೆ ಹೋಗುವುದು. ಇವರಿಗೆ ದುಡ್ಡು ಬರುವ ದಾರಿ ನಾಲ್ಕೈದು. ಯಾವುದನ್ನು ಮೊದಲು ಬಳಸಬೇಕು ಎಂಬ ಲೆಕ್ಕ ತಪ್ಪಿದರೆ ಸಾವಿರಾರು ಡಾಲರ್ ಕೈಬಿಟ್ಟು ಹೋಗುತ್ತದೆ.

ನ್ಯೂಜೆರ್ಸಿ, ಟೆಕ್ಸಾಸ್, ಕ್ಯಾಲಿಫೋರ್ನಿಯಾದ ಕನ್ನಡ ಮನೆಗಳ ಮಕ್ಕಳೂ ಗಾರ್ಡ್‌ಗೆ ಸೇರುತ್ತಾರೆ. ಅದಕ್ಕೆ ಪೌರತ್ವ ಅಥವಾ ಗ್ರೀನ್ ಕಾರ್ಡ್ ಬೇಕು. ಎಚ್-4, ಎಫ್-1 ವೀಸಾದಲ್ಲಿ ಆಗುವುದಿಲ್ಲ. ಅಪ್ಪ ಅಮ್ಮಂದಿರಿಗೆ ಒಂದು ಮಾತು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮಗನ ಅಥವಾ ಮಗಳ ಲಿಖಿತ ಒಪ್ಪಿಗೆ ಇಲ್ಲದೆ ಸಾಮಾನ್ಯವಾಗಿ ನಮ್ಮಂಥ ಕಚೇರಿ ಅವರ ಫೈಲಿನ ಬಗ್ಗೆ ನಿಮ್ಮ ಹತ್ತಿರ ಮಾತಾಡುವಂತಿಲ್ಲ. ಫೀಸು ಕಟ್ಟುವವರು ನೀವೇ ಆಗಿದ್ದರೂ ಅಷ್ಟೆ.

ಮೊದಲ ಕೆಲಸ ಆರ್ಡರ್, ಅಂದರೆ ನಿಮ್ಮನ್ನು ಸೇವೆಗೆ ಕರೆದ ಆದೇಶ, ಓದುವುದು. ಫೀಸು, ಬಾಡಿಗೆ ಭತ್ಯೆ, ಪುಸ್ತಕದ ದುಡ್ಡು ಕೊಡುವ ಪೋಸ್ಟ್-9/11 ಜಿಐ ಬಿಲ್ ಎಂಬ ವಿಎ ಸೌಲಭ್ಯ, ಎಷ್ಟು ವರ್ಷ ಸಮವಸ್ತ್ರ ಹಾಕಿದ್ದೀರಿ ಎಂಬುದರ ಮೇಲೆ ಸಿಗುವುದಿಲ್ಲ. ಯಾವ ಕಾನೂನಿನ ಯಾವ ಕಲಮಿನ ಕೆಳಗೆ ನಿಮ್ಮನ್ನು ಕರೆದರು ಎಂಬುದರ ಮೇಲೆ ಸಿಗುತ್ತದೆ. ಆರು ವರ್ಷ ಡ್ರಿಲ್ ಮಾಡಿದವರ ಲೆಕ್ಕ ಸೊನ್ನೆ ಇರಬಹುದು, ಒಂದೇ ಡಿಪ್ಲಾಯ್‌ಮೆಂಟ್‌ಗೆ ಹೋಗಿಬಂದವರಿಗೆ ಪೂರ್ತಿ ಸೌಲಭ್ಯದ ಶೇ 60 ಇರಬಹುದು. ಸೇನೆಯ ಫೆಡರಲ್ ಕಾನೂನಾದ ಟೈಟಲ್ 10ರ 12301(ಡಿ), 12302, 12304 ಕಲಮಿನ ಆರ್ಡರ್ ಲೆಕ್ಕಕ್ಕೆ ಬರುತ್ತದೆ. ವಾರ್ಷಿಕ ತರಬೇತಿಗೆ ಕರೆಯುವ 12301(ಬಿ) ಬರುವುದಿಲ್ಲ. ಕಾಗದದಲ್ಲಿ ಇವೆರಡಕ್ಕೂ ಇರುವ ವ್ಯತ್ಯಾಸ ಆವರಣದೊಳಗಿನ ಒಂದಕ್ಷರ. ನ್ಯಾಷನಲ್ ಗಾರ್ಡ್‌ನ ಕಾನೂನಾದ ಟೈಟಲ್ 32ರಲ್ಲೂ ಹಾಗೆಯೇ: ವಾರಾಂತ್ಯದ ಡ್ರಿಲ್ 502(ಎ), ಅದಕ್ಕೆ ಏನೂ ಇಲ್ಲ. ರಾಷ್ಟ್ರಪತಿ ಘೋಷಿಸಿದ ರಾಷ್ಟ್ರೀಯ ತುರ್ತು ಪರಿಸ್ಥಿತಿಗಾಗಿ ಫೆಡರಲ್ ಖರ್ಚಿನಲ್ಲಿ 502(ಎಫ್) ಕೆಳಗೆ ಕರೆದಿದ್ದರೆ ಉಂಟು. 2020ರ ಕೋವಿಡ್ ಕೆಲಸದ ಆರ್ಡರ್‌ಗಳು ಹೀಗೆ ಬಂದವು. ರಾಜ್ಯಪಾಲರು ಪ್ರವಾಹಕ್ಕೋ ಚಂಡಮಾರುತಕ್ಕೋ ಕರೆದ ಸ್ಟೇಟ್ ಆಕ್ಟಿವ್ ಡ್ಯೂಟಿ ಎಷ್ಟು ದಿನ ಆದರೂ ಜಿಐ ಬಿಲ್‌ಗೆ ಸೇರುವುದಿಲ್ಲ.

12304ಬಿ ಬಗ್ಗೆ ಈಗಲೂ ಹಳೆಯ ಮಾತು ಓಡಾಡುತ್ತದೆ. ಮೊದಲೇ ಯೋಜಿಸಿದ ಕಾರ್ಯಾಚರಣೆಗೆ ಈ ಕಲಮಿನಲ್ಲಿ ಹೋದವರಿಗೆ ಒಂದು ಕಾಲದಲ್ಲಿ ನಿಜವಾಗಿಯೂ ಏನೂ ಸಿಗುತ್ತಿರಲಿಲ್ಲ. 2017ರ ಫಾರೆವರ್ ಜಿಐ ಬಿಲ್ ಕಾಯ್ದೆ ಅದನ್ನು ಸರಿಪಡಿಸಿತು, ಹಿಂದಿನ ಸೇವೆಗೂ ಅನ್ವಯಿಸಿತು. ಯೂನಿಟ್‌ನ ಹಿರಿಯ ಸಾರ್ಜೆಂಟ್ ‘ಅದು ಲೆಕ್ಕಕ್ಕಿಲ್ಲ’ ಅಂದರು ಅಂತ ಅರ್ಜಿಯನ್ನೇ ಹಾಕದೆ ಕೂತವರು ಇದ್ದಾರೆ. ಹಾಕಿ ನೋಡಿ. ಅರ್ಹತೆ ತೀರ್ಮಾನಿಸುವುದು ವಿಎ. ಸಾರ್ಜೆಂಟ್ ಅಲ್ಲ, ನಾವೂ ಅಲ್ಲ.

ದಿನಗಳು ಒಂದೇ ಗಂಟಲ್ಲಿ ಇರಬೇಕಾಗಿಲ್ಲ, ಬಿಡಿಬಿಡಿ ಆರ್ಡರ್‌ಗಳನ್ನು ಕೂಡಿಸಬಹುದು. ಒಟ್ಟು 90 ದಿನಕ್ಕೆ ಶೇ 50, ಆರು ತಿಂಗಳಿಗೆ 60, 18 ತಿಂಗಳಿಗೆ 70, ಅಲ್ಲಿಂದ ಆರಾರು ತಿಂಗಳಿಗೆ ಹತ್ತು ಹತ್ತು ಏರಿ 36 ತಿಂಗಳಿಗೆ 100. ಆರು ತಿಂಗಳಿಂದ 18ರವರೆಗೆ 60ರಲ್ಲೇ ನಿಲ್ಲುತ್ತದೆ ನೋಡಿ. ಒಂದು ಡಿಪ್ಲಾಯ್‌ಮೆಂಟ್ ಮುಗಿಸಿದ ಗಾರ್ಡ್‌ನವರು ಹೆಚ್ಚಾಗಿ ಇರುವುದು ಅಲ್ಲೇ. ಯುದ್ಧದಲ್ಲಿ ಗಾಯಗೊಂಡವರಿಗೆ ಕೊಡುವ ಪರ್ಪಲ್ ಹಾರ್ಟ್ ಪದಕ ಸಿಕ್ಕವರಿಗೆ ಈ ಮೆಟ್ಟಿಲಿಲ್ಲ, ನೇರ 100.

ಕಾಗದ ಸಾಲದೆ ಬಂದು ಸಿಕ್ಕಿಕೊಳ್ಳುವುದು ಇಲ್ಲೇ. ಚಿಕ್ಕ ಆರ್ಡರ್‌ಗಳಿಗೆ ಸಾಮಾನ್ಯವಾಗಿ ಡಿಡಿ-214 ಎಂಬ ಬಿಡುಗಡೆ ಪತ್ರ ಕೊಡುವುದಿಲ್ಲ. ಹಾಗಾಗಿ ಡಿಡಿ-214 ಒಂದನ್ನೇ ಕಳಿಸಿದರೆ ವಿಎ ಅದರಲ್ಲಿರುವ ದಿನಗಳನ್ನಷ್ಟೇ ಎಣಿಸಿ, 90ಕ್ಕೆ ಕಡಿಮೆ ಅಂತ ತಿರಸ್ಕರಿಸಬಹುದು. ಪ್ರತಿ ಆರ್ಡರ್‌ನ ಪ್ರತಿ, ತಿದ್ದುಪಡಿ ಇದ್ದರೆ ಅದೂ, ಜೊತೆಗೆ ಸೇವೆಯ ಲೆಕ್ಕ ಇರುವ ಪಾಯಿಂಟ್ಸ್ ಹೇಳಿಕೆ (ಆರ್ಮಿ ಗಾರ್ಡ್‌ಗೆ ಎನ್‌ಜಿಬಿ ಫಾರಂ 23, ಆರ್ಮಿ ರಿಸರ್ವ್‌ಗೆ ಡಿಎ 5016) ಸೇರಿಸಿ ಅಪ್‌ಲೋಡ್ ಮಾಡಬೇಕು. ಅರ್ಜಿ 22-1990, ವಿಎ ವೆಬ್‌ಸೈಟಿನಲ್ಲೇ ತುಂಬಬಹುದು. ಉತ್ತರವಾಗಿ ಬರುವ ಅರ್ಹತಾ ಪತ್ರವನ್ನು ಕಾಲೇಜಿಗೆ ಕೊಡಿ.

ಇನ್ನೊಂದು ದಾರಿ ಮಾಂಟ್‌ಗೊಮರಿ ಜಿಐ ಬಿಲ್‌ನ ಸೆಲೆಕ್ಟೆಡ್ ರಿಸರ್ವ್ ಭಾಗ. ಕಚೇರಿಯ ಮಾತಲ್ಲಿ 1606. ಡಿಪ್ಲಾಯ್‌ಮೆಂಟ್ ಬೇಡ, ಆರು ವರ್ಷದ ಒಪ್ಪಂದ, ಹೈಸ್ಕೂಲ್ ಡಿಪ್ಲೊಮಾ, ಆರಂಭದ ತರಬೇತಿ ಮುಗಿದಿರುವುದು, ಡ್ರಿಲ್ ತಪ್ಪಿಸದಿರುವುದು ಸಾಕು. ಯೂನಿಟ್ ಕೊಡುವ ಡಿಡಿ 2384-1 ಎಂಬ ಅರ್ಹತಾ ಸೂಚನೆ ಇದರ ಆಧಾರ. 2024ರ ಅಕ್ಟೋಬರ್‌ನಿಂದ 2025ರ ಸೆಪ್ಟೆಂಬರ್‌ವರೆಗಿನ ದರ ಪೂರ್ಣಾವಧಿ ವಿದ್ಯಾರ್ಥಿಗೆ ತಿಂಗಳಿಗೆ 481 ಡಾಲರ್ ಇತ್ತು. ಪ್ರತಿ ಅಕ್ಟೋಬರ್ 1ಕ್ಕೆ ದರ ಬದಲಾಗುತ್ತದೆ. ಸೇರುವಾಗ ಕಿಕ್ಕರ್ ಎಂಬ ಹೆಚ್ಚುವರಿ ಮೊತ್ತ ಒಪ್ಪಂದದಲ್ಲಿ ಬರೆದಿದ್ದರೆ ತಿಂಗಳಿಗೆ 350 ಡಾಲರ್‌ವರೆಗೆ ಮೇಲೆ ಬರುತ್ತದೆ. ಆ ಕಿಕ್ಕರ್ ಕಾಗದ ಕಳೆದುಕೊಂಡರೆ ಮತ್ತೆ ಹುಡುಕಿಸುವುದು ತಿಂಗಳುಗಟ್ಟಲೆಯ ಕೆಲಸ. ಸೇರಿದ ದಿನವೇ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ.

1606 ದುಡ್ಡು ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಬರುತ್ತದೆ, ಕಾಲೇಜಿಗಲ್ಲ. ಜಿಐ ಬಿಲ್ ಇದೆಯಲ್ಲ ಅಂತ ಫೀಸಿನ ಗಡುವು ದಾಟಿಸಿ ಕೂರುವುದು ಈ ಕಾರಣಕ್ಕೇ ಅಪಾಯ. ವಿಎ ದುಡ್ಡು ತಡವಾದರೆ ಪೋಸ್ಟ್-9/11 ವಿದ್ಯಾರ್ಥಿಗೆ 90 ದಿನದವರೆಗೆ ದಂಡ ಹಾಕಬಾರದು, ಕ್ಲಾಸಿಂದ ತೆಗೆಯಬಾರದು ಅಂತ ಕಾಲೇಜುಗಳಿಗೆ ಕಾನೂನಿದೆ. 1606ರವರಿಗೆ ಆ ರಕ್ಷಣೆ ಇಲ್ಲ. ತಿಂಗಳ ಕೊನೆಗೆ ‘ಇನ್ನೂ ಓದುತ್ತಿದ್ದೇನೆ’ ಎಂದು ದೃಢೀಕರಿಸದಿದ್ದರೆ ಆ ತಿಂಗಳದ್ದು ಬರುವುದೂ ಇಲ್ಲ. ಪೋಸ್ಟ್-9/11ನವರಿಗೂ ಇಂಥ ದೃಢೀಕರಣ ಇದೆ, ಫೋನಿಗೆ ಸಂದೇಶ ಬರುತ್ತದೆ. ಸತತ ಎರಡು ತಿಂಗಳು ಉತ್ತರಿಸದಿದ್ದರೆ ಮನೆ ಬಾಡಿಗೆ ಭತ್ಯೆ ನಿಲ್ಲುತ್ತದೆ. ನಂಬರ್ ಬದಲಾಯಿಸಿ ವಿಎಗೆ ತಿಳಿಸದವರು ಬಾಡಿಗೆ ಕಟ್ಟಲಾಗದೆ ನಮ್ಮ ಮೇಜಿಗೆ ಬರುತ್ತಾರೆ.

ಈಗ ಲೆಕ್ಕಕ್ಕೆ ಬರೋಣ. 1606ಕ್ಕೆ 36 ತಿಂಗಳು, ಪೋಸ್ಟ್-9/11ಕ್ಕೆ 36 ತಿಂಗಳು, ಎರಡೂ ಸೇರಿ ಮಿತಿ 48. ಅಂದರೆ 1606ರಲ್ಲಿ ಮೊದಲ 12 ತಿಂಗಳು ಬಳಸಿದರೂ ಪೋಸ್ಟ್-9/11ರ 36ರಲ್ಲಿ ಒಂದೂ ಕಡಿಮೆಯಾಗುವುದಿಲ್ಲ. ಇಪ್ಪತ್ತು ತಿಂಗಳು ಬಳಸಿದರೆ 28 ಉಳಿಯುತ್ತದೆ. ಎರಡಕ್ಕೂ ಅರ್ಹರಾದವರು ಪೋಸ್ಟ್-9/11 ಆಯ್ಕೆ ಮಾಡುವಾಗ 1606 ಬಿಟ್ಟುಕೊಡುವುದಾಗಿ ಗುರುತು ಹಾಕಿದರೆ ಆ ನಿರ್ಧಾರ ಹಿಂದಕ್ಕೆ ಬರುವುದಿಲ್ಲ. ಅರ್ಜಿಯ ಆ ಒಂದು ಪುಟವನ್ನು ಫೋನಿನಲ್ಲಿ, ಡ್ರಿಲ್‌ನ ಊಟದ ಬಿಡುವಿನಲ್ಲಿ ತುಂಬಬೇಡಿ.

ಹೆಚ್ಚಿನವರಿಗೆ ಗೊತ್ತಿರದ ಸಂಗತಿ ಇನ್ನೊಂದಿದೆ. ನೀವು ಶೇ 50ರಲ್ಲಿರಿ, 100ರಲ್ಲಿರಿ, ಒಂದು ತಿಂಗಳು ಓದಿದರೆ ಪೋಸ್ಟ್-9/11ರ ಒಂದು ಪೂರ್ತಿ ತಿಂಗಳು ಖರ್ಚಾಗುತ್ತದೆ. ಅರ್ಧ ದುಡ್ಡು ಕೊಟ್ಟರು ಅಂತ ಅರ್ಧ ತಿಂಗಳು ಕಳೆಯುವುದಿಲ್ಲ. ಮುಂದೆ ಇನ್ನೊಂದು ಡಿಪ್ಲಾಯ್‌ಮೆಂಟ್ ಬರುವ ಸಾಧ್ಯತೆ ಇದ್ದರೆ, ಆಗ ಮೆಟ್ಟಿಲು ಏರಿದ ಮೇಲೆ ಅದೇ ತಿಂಗಳಿಗೆ ಹೆಚ್ಚು ಬೆಲೆ. 1606ದ ಸ್ವಭಾವ ಉಲ್ಟಾ: ಸಾಮಾನ್ಯವಾಗಿ ಗಾರ್ಡ್ ಬಿಟ್ಟ ದಿನ ಅದೂ ಹೋಗುತ್ತದೆ. 2013ರ ಜನವರಿ 1ರ ನಂತರ ಆಕ್ಟಿವ್ ಡ್ಯೂಟಿಯಿಂದ ಬಿಡುಗಡೆಯಾದವರಿಗೆ ಪೋಸ್ಟ್-9/11 ಆಯುಷ್ಯವಿಡೀ ಇರುತ್ತದೆ. ಕೆಡುವ ಸಾಮಾನನ್ನು ಮೊದಲು ಖರ್ಚು ಮಾಡಬೇಕು ಎಂಬುದು ಅಡುಗೆಮನೆಯ ಲೆಕ್ಕ, ಇಲ್ಲೂ ಅದೇ.

ಆದರೆ ಊರು ನೋಡಿ. ಪೋಸ್ಟ್-9/11ರ ಬಾಡಿಗೆ ಭತ್ಯೆ, ನೀವು ಹೆಚ್ಚು ಕ್ಲಾಸ್ ಕೂರುವ ಕ್ಯಾಂಪಸ್ಸಿನ ಪಿನ್ ಕೋಡಿಗೆ ಅವಲಂಬಿತರಿರುವ ಇ-5 ದರ್ಜೆಯ ಸೈನಿಕರಿಗೆ ಸಿಗುವ ಬಾಡಿಗೆ ದರ. ಸಣ್ಣ ಊರಲ್ಲಿ ಅದು 1,200 ಎಂದುಕೊಳ್ಳಿ, ಶೇ 50ರವರಿಗೆ 600. 1606ದ 481ಕ್ಕಿಂತ 120 ಮಾತ್ರ ಹೆಚ್ಚು. ಅದಕ್ಕಾಗಿ ಒಂದು ತಿಂಗಳ ಹಕ್ಕು ಕಳೆಯುವುದು ದುಬಾರಿ. ದೊಡ್ಡ ನಗರದಲ್ಲಿ 3,600 ಇದ್ದರೆ ಅರ್ಧವೇ 1,800, ಆಗ ಯೋಚಿಸಬೇಕಾದ್ದೇ. ಪದವಿ ತರಗತಿಗೆ 12 ಕ್ರೆಡಿಟ್ ಪೂರ್ಣಾವಧಿ ಅಂತಿದ್ದರೆ, 6 ಕ್ರೆಡಿಟ್‌ಗೆ ಭತ್ಯೆ ಸೊನ್ನೆ, 7ಕ್ಕೆ ಶೇ 60ರ ಲೆಕ್ಕ. ಅರ್ಧಕ್ಕಿಂತ ಹೆಚ್ಚು ಇರಲೇಬೇಕು. ಎಲ್ಲ ಕ್ಲಾಸೂ ಆನ್‌ಲೈನ್ ಆದರೆ ರಾಷ್ಟ್ರೀಯ ಸರಾಸರಿಯ ಅರ್ಧ ಮಾತ್ರ. ಒಂದೇ ಒಂದು ಕ್ಲಾಸನ್ನು ಕ್ಯಾಂಪಸ್ಸಿನಲ್ಲಿ ತೆಗೆದುಕೊಂಡರೆ ಊರಿನ ದರ ಸಿಗುತ್ತದೆ.

ಫೀಸಿಗೆ ಬೇರೆ ದುಡ್ಡಿದೆ. ಫೆಡರಲ್ ಟ್ಯೂಷನ್ ಅಸಿಸ್ಟೆನ್ಸ್, ಟಿಎ: ಆರ್ಮಿಯಲ್ಲಿ ಕ್ರೆಡಿಟ್‌ಗೆ 250 ಡಾಲರ್, 2024ರ ಆಗಸ್ಟ್‌ನಲ್ಲಿ ವರ್ಷದ ಮಿತಿ 16ರಿಂದ 18 ಕ್ರೆಡಿಟ್‌ಗೆ, 4,500 ಡಾಲರ್‌ಗೆ ಏರಿತು. ವರ್ಷ ಅಂದರೆ ಅಕ್ಟೋಬರ್ 1ರಿಂದ. ಕ್ಲಾಸ್ ಶುರುವಾಗುವ ಮುಂಚೆ ಆರ್ಮಿ ಇಗ್ನೈಟೆಡ್ ಪೋರ್ಟಲ್‌ನಲ್ಲಿ ಮಂಜೂರಾಗಿರಬೇಕು. ಶುರುವಾದ ಮೇಲೆ ಬೇಡಿಕೊಂಡರೂ ಸಿಗುವುದು ಕಷ್ಟ. ಪದವಿ ಕ್ಲಾಸಿನಲ್ಲಿ ಸಿ, ಸ್ನಾತಕೋತ್ತರದಲ್ಲಿ ಬಿ ಗಿಂತ ಕೆಳಗೆ ಬಂದರೆ ದುಡ್ಡು ವಾಪಸ್ ಕಟ್ಟಬೇಕು. ಅರ್ಧಾವಧಿಗೆ ಕಡಿಮೆಯಿಲ್ಲದೆ ಓದುವ ಗಾರ್ಡ್‌ನವರು ಅದೇ ಕ್ಲಾಸಿಗೆ ಟಿಎ ಮತ್ತು 1606 ಎರಡನ್ನೂ ಪಡೆಯಬಹುದು. ಕಡಿಮೆ ಆದಾಯದವರಿಗೆ ಸಿಗುವ ಫೆಡರಲ್ ಅನುದಾನ, ಪೆಲ್ ಗ್ರಾಂಟ್, ಇದ್ದರೆ ಅದು ಬೇರೆ.

ನಾಲ್ಕನೆಯ ದಾರಿ ರಾಜ್ಯದ ನೆರವು. ಇದು ಸಾಮಾನ್ಯವಾಗಿ ಗಾರ್ಡ್‌ನವರಿಗೆ, ರಿಸರ್ವ್‌ನವರಿಗಲ್ಲ, ಯಾಕೆಂದರೆ ಗಾರ್ಡ್ ರಾಜ್ಯದ ಪಡೆಯೂ ಹೌದು. ಸೇರುವ ಮುಂಚೆ ತಿಳಿದಿರಬೇಕಾದ ವ್ಯತ್ಯಾಸ ಇದು. ರಿಕ್ರೂಟರ್ ತಾವಾಗಿ ಹೇಳುತ್ತಾರೆಂದು ನಂಬಬೇಡಿ. ಇಲಿನಾಯ್, ಮ್ಯಾಸಚೂಸೆಟ್ಸ್, ನ್ಯೂಜೆರ್ಸಿಯಂಥ ರಾಜ್ಯಗಳಲ್ಲಿ ಸರ್ಕಾರಿ ಕಾಲೇಜಿನ ಬೋಧನಾ ಶುಲ್ಕವೇ ಇದರಿಂದ ಹೋಗುತ್ತದೆ. ಗಡುವುಗಳು ಮಾತ್ರ ಒಂದೊಂದು ಕಡೆ ಒಂದೊಂದು: ವಿಸ್ಕಾನ್ಸಿನ್‌ನಲ್ಲಿ ಕ್ಲಾಸ್ ಮುಗಿದ ಮೇಲೆ 90 ದಿನದೊಳಗೆ ಅರ್ಜಿ, ನ್ಯೂಜೆರ್ಸಿಯಲ್ಲಿ ಮೊದಲು ಫಾಫ್ಸಾ ಎಂಬ ಫೆಡರಲ್ ನೆರವಿನ ಅರ್ಜಿ ತುಂಬಿರಬೇಕು.

ರಾಜ್ಯದ ದುಡ್ಡು ಮತ್ತು ಪೋಸ್ಟ್-9/11 ಒಟ್ಟಿಗೆ ಸೇರಿದಾಗ ನಮ್ಮ ಮೇಜಿನ ಲೆಕ್ಕ ಹೀಗೆ. ಬೋಧನಾ ಶುಲ್ಕಕ್ಕೆಂದೇ ಗೊತ್ತುಮಾಡಿದ ಯಾವ ನೆರವನ್ನಾದರೂ ಕಳೆದು, ಉಳಿದದ್ದನ್ನಷ್ಟೇ ವಿಎಗೆ ತಿಳಿಸಬೇಕು. ಸೆಮಿಸ್ಟರ್ ಫೀಸು 5,000, ರಾಜ್ಯ ಪೂರ್ತಿ ಕೊಟ್ಟಿತು ಎಂದುಕೊಳ್ಳಿ. ತಿಳಿಸುವ ಮೊತ್ತ ಸೊನ್ನೆ. ಶೇ 60ರ ವಿದ್ಯಾರ್ಥಿಗೆ ವಿಎಯಿಂದ ಫೀಸು ಬರುವುದಿಲ್ಲ, ಆದರೆ ಭತ್ಯೆಯ ಶೇ 60 ಮತ್ತು ಪುಸ್ತಕದ ವಾರ್ಷಿಕ 1,000 ಡಾಲರ್‌ನ ಶೇ 60 ಬರುತ್ತದೆ. ರಾಜ್ಯದ ನೆರವಿಗೆ ಅರ್ಜಿ ಹಾಕದಿದ್ದರೆ ವಿಎ 3,000 ಕೊಡುತ್ತದೆ, 2,000 ಕೈಯಿಂದ ಹೋಗುತ್ತದೆ, ಖರ್ಚಾಗುವ ತಿಂಗಳುಗಳು ಎರಡೂ ಕಡೆ ಅಷ್ಟೇ. ಪೆಲ್ ಗ್ರಾಂಟ್, ಸಾಲ ಇವನ್ನು ಕಳೆಯುವುದಿಲ್ಲ. ಕಳೆದು ವರದಿ ಮಾಡುವ ಕಾಲೇಜು ಇದ್ದರೆ ಕೇಳಿ ಸರಿಪಡಿಸಿಕೊಳ್ಳಿ. ಖಾಸಗಿ ಕಾಲೇಜಿನ ಹೆಚ್ಚುವರಿ ಫೀಸು ತುಂಬುವ ಯೆಲ್ಲೋ ರಿಬ್ಬನ್ ಶೇ 100 ಇದ್ದವರಿಗೆ ಮಾತ್ರ. ಗಾರ್ಡ್‌ನ ಬಹುಪಾಲು ಜನ ಅದನ್ನು ನೆಚ್ಚಿಕೊಂಡು ಖಾಸಗಿ ಕಾಲೇಜು ಆರಿಸಬಾರದು.

ಸೆಮಿಸ್ಟರ್ ನಡುವೆ ಆರ್ಡರ್ ಬಂದರೆ ಕ್ಲಾಸಿಗೆ ಹೋಗುವುದನ್ನು ಸುಮ್ಮನೆ ನಿಲ್ಲಿಸುವುದೇ ಎಲ್ಲಕ್ಕಿಂತ ಕೆಟ್ಟ ದಾರಿ. ಹಾಗೆ ಮಾಡಿದರೆ ಎಫ್ ಬರುತ್ತದೆ, ಕೊನೆಯ ಹಾಜರಿಯ ತಾರೀಖು ಹಿಡಿದು ವಿಎ ಸಾಲ ಹೊರಿಸುತ್ತದೆ. 2021ರಿಂದ ಪೋಸ್ಟ್-9/11ರ ಫೀಸಿನ ಹೆಚ್ಚುವರಿ ಪಾವತಿ ಮೊದಲು ಕಾಲೇಜಿನ ಮೇಲೆ ಬೀಳುತ್ತದೆ, ಕಾಲೇಜು ಅದನ್ನು ನಿಮ್ಮ ಖಾತೆಗೆ ಹಾಕುತ್ತದೆ. ಭತ್ಯೆಯ ಸಾಲ ನೇರ ನಿಮಗೆ. ಆರ್ಡರ್ ಕೈಗೆ ಬಂದ ದಿನವೇ ರಿಜಿಸ್ಟ್ರಾರ್‌ಗೂ ಸರ್ಟಿಫೈಯಿಂಗ್ ಅಫಿಷಿಯಲ್‌ಗೂ ಪ್ರತಿ ಕಳಿಸಿ, ಮಿಲಿಟರಿ ವಿತ್‌ಡ್ರಾವಲ್ ಅಂತಲೇ ದಾಖಲಿಸಲು ಬರಹದಲ್ಲಿ ಕೇಳಿ. ಆಗ ವಿಎ ವರದಿಯಲ್ಲಿ ಸೇನಾ ಕರೆ ಎಂಬ ಕಾರಣ ಹೋಗುತ್ತದೆ, ಕ್ರೆಡಿಟ್ ಸಿಗದ ಆ ಅವಧಿಯ ತಿಂಗಳುಗಳನ್ನು ಮರಳಿಸಿ ಎಂದು ಕೇಳಲೂ ಬರುತ್ತದೆ. ಟಿಎ ತೆಗೆದುಕೊಂಡಿದ್ದರೆ ಕಮಾಂಡರ್ ಸಹಿಯ ಪತ್ರ ಪೋರ್ಟಲ್‌ಗೆ ಹಾಕಬೇಕು, ಇಲ್ಲದಿದ್ದರೆ ವಸೂಲಿ ಶುರುವಾಗುತ್ತದೆ. ವಾಪಸ್ ಬಂದ ಮೇಲೆ ಅದೇ ಹಂತಕ್ಕೆ ಮರಳಿ ಸೇರಿಸಿಕೊಳ್ಳುವುದು ಫೆಡರಲ್ ನೆರವು ಪಡೆಯುವ ಕಾಲೇಜುಗಳಿಗೆ ಕಡ್ಡಾಯ. ಗೈರಿನ ಒಟ್ಟು ಅವಧಿ ಐದು ವರ್ಷ ಮೀರಿರಬಾರದು ಅಷ್ಟೆ.

ಪೋಸ್ಟ್-9/11 ಅನ್ನು ಹೆಂಡತಿ, ಗಂಡ, ಮಕ್ಕಳಿಗೆ ವರ್ಗಾಯಿಸುವ ಆಸೆ ಇರುವವರು ಆರು ವರ್ಷ ಸೇವೆ ಮುಗಿಸಿ, ಇನ್ನೂ ನಾಲ್ಕು ವರ್ಷಕ್ಕೆ ಒಪ್ಪಿ, ಸೇವೆಯಲ್ಲಿರುವಾಗಲೇ ಮಿಲ್‌ಕನೆಕ್ಟ್ ಎಂಬ ಸೇನಾ ವೆಬ್‌ಸೈಟಿನಲ್ಲಿ ಅರ್ಜಿ ಹಾಕಬೇಕು. ಮಗು ಇನ್ನೂ ಅಂಗನವಾಡಿ ವಯಸ್ಸಿನದ್ದಾದರೂ ಪರವಾಗಿಲ್ಲ, ಒಂದು ತಿಂಗಳಾದರೂ ಅದರ ಹೆಸರಿಗೆ ಬರೆದಿಡಿ. ಆಮೇಲೆ ತಿಂಗಳುಗಳನ್ನು ಹೆಚ್ಚು ಕಡಿಮೆ ಮಾಡಬಹುದು, ಹೊಸ ಹೆಸರು ಸೇರಿಸಲು ಮಾತ್ರ ಸೇವೆಯಲ್ಲೇ ಇರಬೇಕು.