ಹತ್ತು ಗುಟುಕು ನೀರಿನ ದೂರ

ಕಳೆದ ಶ್ರಾವಣದ ಒಂದು ಭಾನುವಾರ, ನಾಲ್ಕು ತಿಂಗಳು ತಿದ್ದಿ ಕಳುಹಿಸಿದ್ದ ನನ್ನ ಸಂಶೋಧನಾ ಪ್ರಬಂಧದ ಅಧ್ಯಾಯವೊಂದು ಮೂರನೆಯ ಸಲ ವಾಪಸ್ಸು ಬಂದಿತ್ತು. ಗೇಣಿನಷ್ಟು ಮುಂದೆ ಬಂದಿದ್ದೇನೆಯೋ ಹಿಂದೆ ಸರಿದಿದ್ದೇನೆಯೋ ತಿಳಿಯದ ಆ ಸ್ಥಿತಿಯಲ್ಲಿ, ಅದನ್ನು ತೆರೆಯುವ ಧೈರ್ಯವಿಲ್ಲದೆ, ‘ಎ ಡಾರ್ಕ್ ರೂಮ್’ ಎಂಬ ಆಟವನ್ನು ಬ್ರೌಸರಿನಲ್ಲಿ ತೆರೆದು ಕುಳಿತೆ.

ಮೈಕೆಲ್ ಟೌನ್‌ಸೆಂಡ್ 2013ರಲ್ಲಿ ರೂಪಿಸಿದ ಈ ಆಟದಲ್ಲಿ ಚಿತ್ರಗಳೇ ಇಲ್ಲ. ಬಿಳಿಯ ಪುಟ, ಕೆಲವು ಸಾಲು ಅಕ್ಷರ, ಬೆಂಕಿ ಹೊತ್ತಿಸಲು ಒಂದು ಗುಂಡಿ. ಆಮೇಲೆ ಕಾಡಿಗೆ ಹೋಗಿ ಸೌದೆ ಆಯಬೇಕು. ಒಮ್ಮೆ ಒತ್ತಿದರೆ 10 ಸೌದೆ ಸಿಗುತ್ತದೆ. ಬಂಡಿ ಕಟ್ಟಿಕೊಂಡ ಮೇಲೆ ಅದೇ ಒತ್ತಿಗೆ 50. ಪ್ರತಿ ಸಲವೂ ಗುಂಡಿ ಮತ್ತೆ ಜೀವ ತಳೆಯುವವರೆಗೆ ಕಾಯಬೇಕು. ಗುಡಿಸಲುಗಳಿಗೆ ಜನ ಬಂದು ತಾವೇ ಸೌದೆ ತರತೊಡಗಿದಾಗ ನನಗೆ ಸಂತೋಷದ ಜೊತೆಗೆ ಸಣ್ಣದೊಂದು ಬೇಸರವೂ ಆಯಿತು. ಆ ಕೆಲಸ ಅಷ್ಟರಲ್ಲಿ ನನ್ನದಾಗಿಬಿಟ್ಟಿತ್ತು.

ಆಟಗಾರರು ಗ್ರೈಂಡಿಂಗ್ ಎನ್ನುವ ಈ ಪುನರಾವರ್ತನೆಯನ್ನು ಅಂಕಿ ಏರುವುದನ್ನು ನೋಡುವ ಚಪಲವೆಂದು ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ಈ ಆಟದಲ್ಲಿ ಕೂಡಿಟ್ಟ ಅಂಕಿ ನಡೆಯಬಲ್ಲ ದೂರವಾಗುತ್ತದೆ. ಊರ ಹೊರಗೆ ಕಾಲಿಟ್ಟಾಗ ತೆರೆದುಕೊಳ್ಳುವ ನಕಾಶೆಯಲ್ಲಿ ಬಂಜರು ನೆಲ ಬರಿಯ ಚುಕ್ಕಿಗಳು, ಹುಲ್ಲುಗಾವಲು ಅಲ್ಪವಿರಾಮಗಳು, ಕಾಡು ಅರ್ಧವಿರಾಮಗಳು. ಅವುಗಳ ನಡುವೆ ಆಟಗಾರನೂ ಒಂದು ಚಿಹ್ನೆ. ಒಂದು ಹೆಜ್ಜೆಗೆ ಒಂದು ಗುಟುಕು ನೀರು ಖರ್ಚಾಗುತ್ತದೆ, ಮೊದಲಿಗೆ ಇರುವುದು 10 ಗುಟುಕು ಮಾತ್ರ. ಹಾಗಾಗಿ ಐದು ಹೆಜ್ಜೆ ಹೋದರೆ ತಿರುಗಲೇಬೇಕು. ನೀರು 20ಕ್ಕೇರಬೇಕಾದರೆ ತೊಗಲಿನ ಚೀಲ ಬೇಕು. ಅದಕ್ಕೆ ಹದಮಾಡಿದ 50 ತೊಗಲು, ಒಂದೊಂದು ತೊಗಲಿಗೂ 5 ತುಪ್ಪಳ. ಬೋನುಗಳನ್ನು ಮತ್ತೆ ಮತ್ತೆ ನೋಡಿಬಂದು ಕೂಡಿಸಿದ ಆ 250 ತುಪ್ಪಳ, ಚೀಲ ಕೈಗೆ ಬಂದ ಗಳಿಗೆಯಲ್ಲಿ ಇನ್ನೂ ಐದು ಹೆಜ್ಜೆಯಾಚೆಯ ನೆಲವಾಯಿತು.

ಎರಡು ಸಲ ಲೆಕ್ಕ ತಪ್ಪಿ, ಊರು ಕೂಗಳತೆಯಲ್ಲಿರುವಾಗಲೇ ಬಾಯಾರಿ ಬಿದ್ದೆ. ಹೊತ್ತೊಯ್ದ ಮಾಂಸವೆಲ್ಲ ಹೋಯಿತು, ಊರಿನ ಕಣಜ ಮಾತ್ರ ಹಾಗೆಯೇ ಉಳಿದಿತ್ತು. ಹೀಗೆ ಹತ್ತು ಸಲ ಬಾಯಾರಿ ಬಿದ್ದವನಿಗೆ ಅದೇ ನೀರಿನಲ್ಲಿ ಇಮ್ಮಡಿ ದೂರ ನಡೆಯುವ ಶಕ್ತಿಯನ್ನು ಆಟ ತಾನಾಗಿಯೇ ಕೊಡುತ್ತದೆಂದು ಆಮೇಲೆ ತಿಳಿದಾಗ, ಸೋಲನ್ನೂ ದುಡಿಮೆಯೆಂದು ಬರೆದಿಟ್ಟುಕೊಳ್ಳುವ ಆ ಲೆಕ್ಕಕ್ಕೆ ನನ್ನ ಗಂಟಲು ಕಟ್ಟಿಬಂತು.

ಸಂಜೆಯ ಹೊತ್ತಿಗೆ ಕಬ್ಬಿಣದ ಗಣಿ ಸಿಕ್ಕಿತು. ಪಂಜು ಹಿಡಿದು ಒಳಹೊಕ್ಕು, ಅಲ್ಲಿದ್ದ ಮೃಗವನ್ನು ಮೂಳೆಯ ಈಟಿಯಿಂದ ಕೊಂದು, ಕೊನೆಯ ಮೂರು ಗುಟುಕು ನೀರಿನೊಂದಿಗೆ ಊರು ಸೇರಿದೆ. ಮತ್ತೆ ಹೊರಟಾಗ, ಚುಕ್ಕಿ ಅಲ್ಪವಿರಾಮಗಳ ನಡುವೆ ಊರಿನಿಂದ ಗಣಿಯವರೆಗೆ ಒಂದು ದಾರಿ ಮೂಡಿತ್ತು. ಅಡ್ಡಗೆರೆ ಉದ್ದಗೆರೆಗಳ ಸಣ್ಣ ಚೌಕಗಳ ಸಾಲು ಅದು, ಬೇಲಿಯ ಹಾಗೆ. ಮಲಗುವ ಮುನ್ನ ಪುಟವನ್ನು ಮುಚ್ಚಿದೆ. ಬೆಳಿಗ್ಗೆ ಎದ್ದವಳೇ ಮೊದಲು ಅದನ್ನು ತೆರೆದು ನೋಡಿದೆ. ದಾರಿ ಅಲ್ಲೇ ಇತ್ತು.